ಆ ಕೋಣೆಯಲ್ಲಿ ಇದ್ದವಳು

ಟಿ. ದಾಸರಹಳ್ಳಿ
9 ಫೆಬ್ರವರಿ 2025

ನನ್ನ ತಂಗಿ ಕಲಾವತಿಗೆ,

ಅಣ್ಣ ಬ್ಯಾಟರಾಯಪ್ಪನ ಆಶೀರ್ವಾದ. ನಾವಿಲ್ಲಿ ಆರೋಗ್ಯವಾಗಿದ್ದೇವೆ. ನೀನು, ಮಹೇಂದ್ರ, ಮಗಳು ತೇಜಸ್ವಿನಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅವರೆಕಾಯಿ ಕಾಲ ಮುಗಿಯುತ್ತ ಬಂತು. ಈ ವರ್ಷ ಕೋಗಿಲಿನ ನಿಮ್ಮ ಮನೆಯಿಂದ ಹಿದುಕಿದ ಬೇಳೆ ಸಾರು ಬರಲೇ ಇಲ್ಲವಲ್ಲ ಎಂದು ನಿನ್ನ ಅತ್ತಿಗೆ ಎರಡು ಸಲ ಅಂದಳು. ಯಾಕೆ ಬರಲಿಲ್ಲ ಎಂದು ಅವಳಿಗೂ ಗೊತ್ತು.

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಒಂದೂವರೆ ಗಂಟೆಯ ಬಸ್ಸಿನ ದಾರಿಗೆ ಅಂಚೆ ಬೇಕೇ ಎಂದು ನಿನಗೆ ಅನ್ನಿಸಬಹುದು. ಆದರೆ ನೀನು ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೋಡಿದ್ದೀಯ ಎಂದು ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ನಿನ್ನದೇನೂ ತಪ್ಪಿಲ್ಲ. ದೀಪಾವಳಿ ಮುಗಿದ ಕೂಡಲೇ ನಾನು ಬರೆಯಬೇಕಿತ್ತು. ತಡಮಾಡಿದೆ, ಕ್ಷಮಿಸು. ಇದನ್ನು ತೇಜಸ್ವಿನಿಯ ಕೈಯಲ್ಲಿ ಓದಿಸಬೇಡ. ನಿನ್ನ ಕಣ್ಣಿಗೆ ಕಷ್ಟವಾಗದಿರಲೆಂದು ಅಕ್ಷರ ದಪ್ಪವಾಗಿ ಬರೆದಿದ್ದೇನೆ.

ಹೋದ ತಿಂಗಳು ಅಮ್ಮನ ವರ್ಷದ ತಿಥಿಯ ದಿನ ನೀನು ಎಲ್ಲರಿಗೂ ಬಡಿಸುತ್ತ ಬಂದೆ. ನನ್ನ ಎಲೆಯ ಮುಂದೆ ನಿಂತು ಸಾರು ಹಾಕುತ್ತ, “ನಿನ್ ಕತೆ ಚೆನ್ನಾಗೈತಂತೆ ಕಣಣ್ಣ. ಅದ್ರಲ್ಲಿ ನಾನೇ ಇಲ್ವಂತೆ” ಅಂದೆ. ಪಕ್ಕದವರಿಗೂ ಕೇಳಿಸದ ಹಾಗೆ ಹೇಳಿ ಮುಂದಿನ ಎಲೆಗೆ ಹೋದೆ.

ಅದು ಹೇಗಾಯಿತು ಎಂದು ಹೇಳುತ್ತೇನೆ. ಸಮರ್ಥನೆ ಮಾಡಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡ.

ಆರ್.ಟಿ. ನಗರದಲ್ಲಿ ತಾಹೆರಾ ಮೇಡಂ ಎಂಬವರಿದ್ದಾರೆ, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಅವರ ಮನೆಯ ಮಹಡಿಯಲ್ಲಿ ಏಳೆಂಟು ಜನ ಸೇರಿ, ಬರೆದುಕೊಂಡು ಬಂದ ಕತೆಗಳನ್ನು ಓದುತ್ತೇವೆ. ಮೂವತ್ತೊಂದು ವರ್ಷ ಹೆಬ್ಬಾಳದ ವೆಟರ್ನರಿ ಕಾಲೇಜಿನ ಲೈಬ್ರರಿಯಲ್ಲಿ ಬೇರೆಯವರು ಬರೆದದ್ದನ್ನು ಎತ್ತಿಟ್ಟವನಿಗೆ, ನಾನೂ ಒಂದು ಬರೆಯಬೇಕು ಎಂಬ ಆಸೆ ಒಳಗೇ ಇತ್ತು. ಅಲ್ಲಿಗೆ ಸೇರಿದ್ದು ಅಮ್ಮ ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಮೂರನೇ ತಿಂಗಳಲ್ಲಿ. ಅಮ್ಮನನ್ನು ನೋಡಲು ಬಾರದ್ದಕ್ಕೆ ನಿನಗೆ ಮಾತ್ರ ಮಂಡಿ ನೋವು, ಹೆಬ್ಬಾಳದ ಟ್ರಾಫಿಕ್ಕು ಎಂದು ಹೇಳುತ್ತಿದ್ದೆ. ಮೊದಲು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವನು ಆಮೇಲೆ ತಿಂಗಳಿಗೊಮ್ಮೆ ಬಂದೆ. ಕೊನೆಯ ನಾಲ್ಕು ತಿಂಗಳು ಬರಲೇ ಇಲ್ಲ.

ಮೇಡಂ ಒಳ್ಳೆಯ ಗುರು. ನನ್ನ ಮೊದಲ ಕತೆಯಲ್ಲಿ ಹಸು ಸತ್ತಾಗ ಯಜಮಾನಿ ಹೃದಯವಿದ್ರಾವಕವಾಗಿ ರೋದಿಸಿದಳು ಎಂದು ಬರೆದಿದ್ದೆ. ಅವರು ಪೆನ್ಸಿಲಿನಲ್ಲಿ ಆ ಸಾಲು ಹೊಡೆದು, ಹಸು ಹೋದ ಮೇಲೆ ಹಾಲು ಕರೆಯುವ ಹೊತ್ತಿಗೆ ಅವಳು ಏನು ಮಾಡಿದಳು ಎಂದು ಕೇಳಿದರು. ಅಷ್ಟು ಬರೆಯಿರಿ ಸಾಕು, ಅಳುವುದನ್ನು ಓದುವವರಿಗೆ ಬಿಡಿ ಎಂದರು. ಹೀಗೆ ಒಂದೊಂದೇ ಕಲಿತೆ. ಎಲ್ಲಿ ಶುರು ಮಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು, ಜನ ನಿಜವಾಗಿ ಹೇಗೆ ಮಾತಾಡುತ್ತಾರೆ. ಅರವತ್ತೆರಡನೇ ವಯಸ್ಸಿನಲ್ಲಿ ಹೊಸದೊಂದು ಕೈಗೆ ಹತ್ತುತ್ತಿದೆ ಎಂಬ ಖುಷಿ ದೊಡ್ಡದು ಕಲಾ. ಅದನ್ನು ನಿನ್ನ ಹತ್ತಿರ ಹೇಳಿಕೊಳ್ಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಯಾವ ಮುಖ ಇಟ್ಟುಕೊಂಡು ಹೇಳಲಿ?

ಅಮ್ಮ ಹೋಗಿ ಆರು ತಿಂಗಳಾದ ಮೇಲೆ ಅವಳ ಬಗ್ಗೆ ಬರೆದೆ. ಮೊದಲು ಬರೆದಾಗ ಕತೆಯಲ್ಲಿ ನೀನಿದ್ದೆ, ಇದು ಸತ್ಯ. ಹಾಸಿಗೆ ಹಿಡಿದ ತಾಯಿಯನ್ನು ಮಗಳೊಬ್ಬಳು ನೋಡಿಕೊಳ್ಳುವ ಕತೆ ಅದು. ಓದಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಎಲ್ಲವೂ ಬಾಗಿಲಲ್ಲಿ ನಿಂತು ನೋಡಿದ ಹಾಗಿತ್ತು. ನಮ್ಮ ಜೊತೆ ಬರೆಯುವ ಜಹೀರ್, ಇದನ್ನು ‘ನಾನು’ ಎಂದು ಹೇಳಿದರೆ ಹತ್ತಿರವಾಗುತ್ತದೆ ಎಂದ. ಅವನು ಕೆಟ್ಟದ್ದೇನೂ ಹೇಳಲಿಲ್ಲ. ಮನೆಗೆ ಬಂದು ಮಗಳನ್ನು ತೆಗೆದು ನನ್ನನ್ನು ಹಾಕಿಕೊಂಡೆ. ಕಷ್ಟವೇನೂ ಆಗಲಿಲ್ಲ. ‘ಒರೆಸಿದಳು’ ಇದ್ದಲ್ಲಿ ‘ಒರೆಸಿದೆ’, ‘ಉಣ್ಣಿಸಿದಳು’ ಇದ್ದಲ್ಲಿ ‘ಉಣ್ಣಿಸಿದೆ’. ನಿನ್ನ ಎಂಟು ತಿಂಗಳನ್ನು ನನ್ನದು ಮಾಡಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು.

ಮುಂದಿನ ವಾರ ಓದಿದಾಗ ನಾಲ್ಕು ಜನ ಕಣ್ಣೊರೆಸಿಕೊಂಡರು. ಸಹಕಾರ ನಗರದಿಂದ ಬರುವ ಗಂಗರತ್ನಮ್ಮ ನನ್ನ ಕೈ ಹಿಡಿದುಕೊಂಡು, ನಿಮ್ಮಂಥ ಮಗನನ್ನು ಪಡೆಯಲು ಆ ತಾಯಿ ಪುಣ್ಯ ಮಾಡಿದ್ದರು ಎಂದರು. ನಾನು ಅಲ್ಲ ಎನ್ನಲಿಲ್ಲ. ಸುಮ್ಮನೆ ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡರು. ಮಹಡಿಯ ಬೀಗದ ಕೈ ನಮ್ಮ ಹತ್ತಿರ ಬಿಟ್ಟು, ಮೇಡಂ ಆ ಎರಡೂ ವಾರ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರು. ಅವರು ಬರುವವರೆಗೂ ಕಾಯದೆ ಕತೆಯನ್ನು ಪತ್ರಿಕೆಗೆ ಕಳಿಸಿಬಿಟ್ಟೆ. ದೀಪಾವಳಿ ಸಂಚಿಕೆಯಲ್ಲಿ ನನ್ನ ಫೋಟೊದ ಜೊತೆ ಬಂತು. ತೇಜಸ್ವಿನಿ ನಿನಗೆ ಓದಿ ಹೇಳಿದ್ದು ಅದನ್ನೇ.

ತಿಥಿಯಾಗಿ ಹತ್ತು ದಿನಕ್ಕೆ ಮೇಡಂ ಕರೆಸಿದರು. ನಮ್ಮೆಲ್ಲರ ಕತೆಗಳನ್ನು ಸೇರಿಸಿ ಪುಸ್ತಕ ಮಾಡುತ್ತಿದ್ದಾರೆ, ಅದಕ್ಕಾಗಿ ನನ್ನದನ್ನು ಓದಿದ್ದರು. ಚಹಾ ಕೊಟ್ಟು ಎದುರಿಗೆ ಕೂತರು.

“ಬ್ಯಾಟರಾಯಪ್ಪನವರೇ, ಅಮ್ಮನ್ನ ಯಾವ ಮಗ್ಗುಲಿಗೆ ತಿರುಗಿಸಿ ಬೆನ್ನು ಒರೆಸ್ತಿದ್ರಿ?”

ಬಲಕ್ಕೆ ಎಂದೆ.

“ಸ್ವಾಧೀನ ತಪ್ಪಿದ್ದು ಯಾವ ಕೈ?”

ಅದೂ ಬಲಗೈಯೇ. ಆ ಮಗ್ಗುಲಿಗೆ ತಿರುಗಿಸಿದರೆ ಸ್ವಾಧೀನವಿಲ್ಲದ ಕೈ ಮೈಯಡಿಗೆ ಸಿಕ್ಕಿಕೊಳ್ಳುತ್ತದೆ ಎಂದು ಆಗ ಹೊಳೆಯಿತು. ತಲೆಗೆ ನೀರು ಹಾಕುವಾಗ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದವರು ಯಾರು ಎಂದು ಕೇಳಿದರು. ಅದೂ ಗೊತ್ತಿರಲಿಲ್ಲ. ಅವರು ಗದರಲಿಲ್ಲ. ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

“ಕತೇಲಿ ಸುಳ್ಳು ಹೇಳೋದು ತಪ್ಪಲ್ಲ, ನಾವೆಲ್ಲ ಹೇಳ್ತೀವಿ. ಆದ್ರೆ ಆ ಕೋಣೇಲಿ ಇದ್ದೋರಿಗೇ ಗೊತ್ತಿರೋ ವಿಷಯ ಇರುತ್ತಲ್ಲ, ಅದನ್ನ ಹೊರಗಿದ್ದೋರು ಬರೆಯೋಕಾಗಲ್ಲ. ಅಲ್ಲಿ ಇದ್ದೋರು ಯಾರು?”

ನನ್ನ ತಂಗಿ ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ತಾವೂ ಹರೆಯದಲ್ಲಿ ಅಕ್ಕನ ಬದುಕನ್ನು ಎತ್ತಿಕೊಂಡು ಹೀಗೇ ಒಂದು ಕತೆ ಬರೆದಿದ್ದಾಗಿ ಅವರು ಹೇಳಿದರು. ತಿದ್ದೋಣ ಎಂದುಕೊಳ್ಳುವಷ್ಟರಲ್ಲಿ ಅಕ್ಕ ತೀರಿಕೊಂಡರಂತೆ. ನಿಮಗಿನ್ನೂ ಕೇಳಲು ಜನ ಇದ್ದಾರೆ ಎಂದು ನನ್ನನ್ನು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಮನೆಗೆ ಬಂದು ಕತೆಯೊಳಗೆ ನಿನ್ನನ್ನು ವಾಪಸ್ಸು ತರಲು ಕೂತೆ. ತೆಗೆದಷ್ಟು ಸುಲಭವಾಗಿ ಸೇರಿಸಲಾಗಲಿಲ್ಲ. ನೀನು ಏಳುತ್ತಿದ್ದುದು ಎಷ್ಟು ಹೊತ್ತಿಗೆ, ಅಮ್ಮನಿಗೆ ಮಾತು ತೊದಲಿದ ಮೇಲೆ ಅವಳು ಹೇಳಿದ್ದು ನಿನಗೆ ಹೇಗೆ ಗೊತ್ತಾಗುತ್ತಿತ್ತು, ಒಂದೂ ತಿಳಿಯದು. ನಿನ್ನನ್ನು ಕೇಳುವ ಧೈರ್ಯವಿರಲಿಲ್ಲ. ಅದಕ್ಕೆ ಹೋದ ಮಂಗಳವಾರ, ನೀನು ಗಾರ್ಮೆಂಟ್ಸಿಗೆ ಹೋಗಿರುವ ಹೊತ್ತು ನೋಡಿಕೊಂಡು, ಕೋಗಿಲಿಗೆ ಬಂದು ನಿಮ್ಮ ಪಕ್ಕದ ಮನೆಯ ಫಖ್ರುನ್ನೀಸಾ ಅವರ ಹತ್ತಿರ ಕೂತಿದ್ದೆ. ಕಳ್ಳನ ಹಾಗೆ ಬಂದದ್ದಕ್ಕೂ ಬೈಯಬೇಕೆನ್ನಿಸಿದರೆ ಬೈಯಿ.

ಅವರು ಅಕ್ಕಿ ಆರಿಸುತ್ತ ಹೇಳುತ್ತ ಹೋದರು. ನೀನೂ ಅವರೂ ಸೇರಿ ಹಳೆಯ ದುಪ್ಪಟಿಯ ಎರಡು ತುದಿ ಹಿಡಿದು ಅಮ್ಮನನ್ನು ಎತ್ತುತ್ತಿದ್ದಿರಂತೆ. ಒಂದು, ಎರಡು ಎಂದು ನೀನು ಎಣಿಸುವಾಗ ಮೂರು ಎನ್ನುತ್ತಿದ್ದವಳು ಅಮ್ಮನೇ ಅಂತೆ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತಿದ್ದೆಯಂತೆ. ಅಂಬಲಿ ಗಂಟಲಲ್ಲಿ ನಿಂತರೆ ಬೆರಳಿಂದ ಮೆಲ್ಲಗೆ ಸವರಿ ಇಳಿಸುತ್ತಿದ್ದೆಯಂತೆ. “ನಿಮ್ ತಂಗಿ ನಿಂತ್ಕೊಂಡೇ ಉಣ್ತಿದ್ಲು ಕಣಣ್ಣ, ಕೂತಿದ್ದು ನಾನ್ ನೋಡಿಲ್ಲ” ಅಂದರು. ಮತ್ತೆ ಒಂದು ದಿನ, ಆಗಷ್ಟೇ ಬದಲಾಯಿಸಿದ ಹಾಸಿಗೆ ಮತ್ತೆ ಒದ್ದೆಯಾದಾಗ, ನೀನು ಅಮ್ಮನ ಮೇಲೆ ಕೂಗಾಡಿ, ಹೊರಗೆ ಬಂದು ಸಂಪಿನ ಮುಚ್ಚಳದ ಮೇಲೆ ಕೂತು ಅತ್ತೆಯಂತೆ. ಒಳಗಿಂದ ಅಮ್ಮ, ಕಲಾ ಉಂಡ್ಯಾ ಎಂದು ಕೇಳುತ್ತಲೇ ಇದ್ದಳಂತೆ.

ನನ್ನ ಕತೆಯ ಮಗನಿಗೆ ಒಂದು ಸಲವೂ ಕೋಪ ಬಂದಿರಲಿಲ್ಲ. ಅವನು ಯಾರನ್ನೂ ನೋಡಿಕೊಂಡವನಲ್ಲ ಎಂದು ಅಲ್ಲೇ ಗೊತ್ತಾಗಬೇಕಿತ್ತು.

ಈಗ ನಾನು ಮಾಡಿರುವುದು ಇಷ್ಟು. ಆ ಕತೆಯಲ್ಲಿ ಮಗ ಮಾಡಿದ್ದೆಲ್ಲ ನನ್ನ ತಂಗಿ ಮಾಡಿದ್ದು ಎಂದು ಪತ್ರಿಕೆಯವರಿಗೆ ಬರೆದಿದ್ದೇನೆ. ಹಾಕುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಮೇಡಂ ಮನೆಯಲ್ಲಿ ಎಲ್ಲರೆದುರು ಎದ್ದು ನಿಂತು ಅದನ್ನೇ ಹೇಳಿದೆ. ಗಂಗರತ್ನಮ್ಮ ಬಹಳ ಹೊತ್ತು ನನ್ನ ಕಡೆ ನೋಡಲಿಲ್ಲ. ಇಳಿದು ಹೋಗುವಾಗ, ನಿಮ್ಮ ತಂಗಿಯ ಹೆಸರೇನು ಎಂದು ಕೇಳಿದರು. ಹೇಳಿದೆ.

ಹೊಸದಾಗಿ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ನನಗೆ ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಟ್ಟಿದ್ದೇನೆ, ಅಂಥವು ಬಹಳ ಇವೆ. ನೀನು ಹೇಳಿದರೆ ತುಂಬುತ್ತೇನೆ. ಬೇಡವೆಂದರೆ ಹರಿದು ಒಲೆಗೆ ಹಾಕು, ಪುಸ್ತಕದಲ್ಲಿ ಅದು ಬರುವುದಿಲ್ಲ. ತಿಂಗಳ ಕೊನೆಯವರೆಗೂ ಮೇಡಂ ಕಾಯುತ್ತಾರೆ. ಆಮೇಲೂ ನಾನು ಕಾಯುತ್ತೇನೆ.

ಬೆನ್ನು ನೋವಿಗೆ ಆಸ್ಪತ್ರೆಗೆ ತೋರಿಸು, ಮುಂದಕ್ಕೆ ಹಾಕಬೇಡ. ತೇಜಸ್ವಿನಿಗೆ ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಮನೆ ತಣ್ಣಗಿರಲಿ, ಮಗಳು ನಿನ್ನ ಹಾಗೇ ಗಟ್ಟಿಯಾಗಲಿ.

ಇಂತಿ ನಿನ್ನ ಅಣ್ಣ,
ಬ್ಯಾಟರಾಯಪ್ಪ

ಮರೆತಿದ್ದು: ಮರೆತಿದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕೊನೆಯ ನಾಲ್ಕು ತಿಂಗಳು ಅಮ್ಮ ನನ್ನನ್ನು ಕೇಳಿದಾಗಲೆಲ್ಲ ನೀನು, “ಅಣ್ಣ ಬಂದಿದ್ದ, ನೀನು ನಿದ್ದೇಲಿದ್ದೆ, ಎಬ್ಬಿಸ್ಬೇಡ ಅಂತ ನಿನ್ ಕಾಲ್ ಹತ್ರಾನೇ ಕೂತಿದ್ದ” ಎಂದು ಹೇಳುತ್ತಿದ್ದೆಯಂತೆ. ಯಾವ ಅಂಗಿ ಹಾಕಿದ್ದ, ಎಷ್ಟು ಮುದ್ದೆ ಉಂಡ, ಎಲ್ಲ ಹೇಳುತ್ತಿದ್ದೆಯಂತೆ. ಒಮ್ಮೆ ಅಮ್ಮ, “ಬ್ಯಾಟ ಯಾಕೆ ನಾನು ಮನಗಿದ್ದಾಗ್ಲೇ ಬತ್ತಾನೆ?” ಎಂದು ಕೇಳಿದಳಂತೆ. ಆ ದಿನಗಳಲ್ಲಿ ಎರಡು ಸಲ ನಾನು ಕೋಗಿಲು ಕ್ರಾಸಿನವರೆಗೂ ಬಂದು, ಎದುರಿನ ಬಸ್ಸು ಹತ್ತಿ ವಾಪಸ್ಸು ಹೋಗಿದ್ದೇನೆ. ಅಮ್ಮನನ್ನು ಹಾಗೆ ನೋಡಲು ನನಗೆ ಹೆದರಿಕೆಯಾಗಿತ್ತು, ಅಷ್ಟೇ. ನಿನ್ನ ಮಾತನ್ನು ಅಮ್ಮ ನಂಬಿದ್ದಳೇ ಎಂದು ಫಖ್ರುನ್ನೀಸಾ ಅವರನ್ನು ಕೇಳಿದೆ. ಅದನ್ನು ನಿಮ್ಮ ತಂಗಿಯನ್ನೇ ಕೇಳಬೇಕು ಅಂದರು. ನಂಬಿದ್ದಳೇ ಕಲಾ?