ಕಾಲಿಲ್ಲದ ಸೋಫಾದ ಫೋಟೊ

ಗುರುವಾರ, ಹದಿನಾರನೇ ತಾರೀಕು
ಸೋಫಾ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು

ನಿರ್ದೇಶಕನಾಗಿರುವ ನನ್ನ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಇವು ಹಳೇ ದಾಸ್ತಾನಿನವು. ಹೊಸವು ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಫೋನು ಮಾಡಿದರೆ "ಮೀಟಿಂಗಲ್ಲಿದೀನಿ ಅಕ್ಕ" ಅನ್ನುತ್ತೀಯ. ಕಾಗದಕ್ಕೆ ಆ ನೆಪ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸಿನಿಮಾದ ಮೃಗಕ್ಕೆ ನನ್ನ ಕಡೆಯಿಂದ ಹೋದದ್ದು ಏನೇನು ಅಂತ ಮೊದಲು ಓದಿಕೋ. ಫೋಮು ಹನ್ನೊಂದು ಹಾಳೆ. ದಪ್ಪ ದಾರ ಏಳು ಉಂಡೆ. ಬಾಗಿದ ಸೂಜಿ ಮೂರು, ಅದರಲ್ಲಿ ಒಂದು ಮುರಿದದ್ದು ನನ್ನ ಹೆಬ್ಬೆರಳಿನೊಳಗೆ. ಬಟ್ಟೆ ಇಪ್ಪತ್ತಾರು ಮೀಟರ್. ಅದು ಯಾರದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಸೋಫಾ ಹೊತ್ತು ಮನೆಮನೆಗೆ ಮುಟ್ಟಿಸುವ, ನಾವು ‘ಆರಡಿ’ ಅಂತಲೇ ಕರೆಯುವ ಉದ್ದನೆಯ ಆಳಿನ ಸೊಂಟ, ಯಾಕೆಂದರೆ ಮೃಗದ ಒಳಗೆ ನಿಂತವನು ಅವನೇ. ಗಿರಾಕಿಗಳು, ಒಂಬತ್ತು ಮನೆ. ಹತ್ತೊಂಬತ್ತು ವರ್ಷದ ಹೆಸರು. ತಮ್ಮ ಒಬ್ಬ.

ಸಿನಿಮಾ ಬಿಡುಗಡೆಯಾದ ವಾರ ನಾನು ನಿನ್ನ ಪರವಾಗಿ ಎಷ್ಟು ಜನರ ಜೊತೆ ಜಗಳಕ್ಕೆ ನಿಂತಿದ್ದೆ ಗೊತ್ತಾ? ‘ಮೂರನೇ ಮಹಡಿಯ ಮೃಗ’ ನೋಡಿ ಬಂದವರೆಲ್ಲ ಅಭಿಪ್ರಾಯ ಬರೆಯುವ ಆ ಪುಟವನ್ನು ಫೋನಿನಲ್ಲಿ ಬೆಳಿಗ್ಗೆ ಶಟರ್ ಎತ್ತುವ ಮೊದಲು ಓದುತ್ತಿದ್ದೆ. "ಮೃಗ ಬಂದಾಗ ನಗು ಬಂತು, ಜೋಕು ಬಂದಾಗ ಅಳು ಬಂತು" ಅಂತ ಒಬ್ಬ. "ಹೆದರಿದ್ದು ಒಂದೇ ಸಲ, ಇನ್ನೂ ಅರ್ಧ ಗಂಟೆ ಇದೆ ಅಂತ ಗೊತ್ತಾದಾಗ" ಅಂತ ಇನ್ನೊಬ್ಬ. "ಮೃಗ ಕೂತಿದ್ದು ನೋಡಿ ಅದರ ಮೇಲೆ ನಾನೂ ಕಾಲು ಚಾಚೋಣ ಅನ್ನಿಸಿತು" ಅಂತ ಒಬ್ಬಾಕೆ. "ನಡಿಗೆ ನೋಡಿದರೆ ಸೋಫಾ ಹೊರೋನ ಥರ ಇದೆ" ಅಂದವನಿಗೆ ಮಾತ್ರ ಏನೂ ಅನ್ನಲಿಲ್ಲ. ಅವನ ಕಣ್ಣು ಚೆನ್ನಾಗಿದೆ.

ಹತ್ತು ದಿನಕ್ಕೆ ಹನ್ನೊಂದು ಅಭಿಪ್ರಾಯ. ಒಂದೇ ಚಿತ್ರಮಂದಿರ, ಬೆಳಗಿನ ಆಟ, ಶುಕ್ರವಾರ ಅದನ್ನೂ ಎತ್ತುತ್ತಾರೆ ಅಂತ ನೀನು ಇಲ್ಲೇ, ಕತ್ತರಿಸುವ ಮೇಜಿನ ಮೇಲೆ ಕೂತು ಮುಖ ಸಣ್ಣದು ಮಾಡಿಕೊಂಡೆ. "ಜನಕ್ಕೆ ಮಾತಾಡೋಕೆ ಏನಾದ್ರೂ ಬೇಕು ಅಕ್ಕ" ಅಂದೆ. ನಾನು ಟೀ ತರಿಸಿಕೊಟ್ಟೆ. ನೀನು ಯಾವ ಯೋಚನೆ ಕಟ್ಟಿಕೊಂಡು ಹೋಗುತ್ತಿದ್ದೀಯ ಅಂತ ನನಗೆಲ್ಲಿ ಹೊಳೆಯಬೇಕು!

ಮರುದಿನ ಹನ್ನೆರಡನೇ ಅಭಿಪ್ರಾಯ ಬಂತು. ಬರೆದವರ ಹೆಸರು ‘ನೊಂದ ಗಿರಾಕಿ’. "ಮೃಗದ ಹೊಟ್ಟೆ ನಮ್ಮ ಹಜಾರದ ಸೋಫಾ. ಬಟ್ಟೆ ಸಾಲದು ಅಂತ ಜಾಸ್ತಿ ತರಿಸಿದ್ದರು. ಎಲ್ಲಿಗೆ ಹೋಯಿತು ಅಂತ ಈಗ ಗೊತ್ತಾಯಿತು." ಕೆಳಗೆ ಎರಡು ಫೋಟೊ, ಅಕ್ಕಪಕ್ಕ. ಒಂದು ಕಡೆ ಹಳದಿ ಬಟ್ಟೆಯ ಮೇಲೆ ನೀಲಿ ಎಲೆಗಳ ಸೋಫಾ. ಇನ್ನೊಂದು ಕಡೆ ಅದೇ ಎಲೆಗಳ ಹೊಟ್ಟೆ ಹೊತ್ತು ಬಾಯಿ ತೆರೆದ ನಿನ್ನ ಮೃಗ.

ಆಮೇಲೆ ಕೇಳಬೇಕೆ? ಬ್ಯೂಟಿ ಪಾರ್ಲರಿನಾಕೆ "ಬೆನ್ನು ನಮ್ಮ ಪಾರ್ಲರಿಂದು" ಅಂದಳು. ನಿವೃತ್ತ ಹೆಡ್‌ಮಾಸ್ಟರು ಎಡಗಾಲು ತಮ್ಮ ಆರಾಮಕುರ್ಚಿಯದೆಂದು ಪುರಾವೆ ಸಮೇತ ಬರೆದರು, ಅದೂ ಪ್ಯಾರಾ ಬಿಟ್ಟು. ತಮ್ಮ ಸೋಫಾ ಹುಡುಕಲೆಂದೇ ಜನ ಟಿಕೆಟ್ ಕೊಂಡು ಬಂದರು. ಸೋಫಾ ಇಲ್ಲದವರು ಬೇರೆಯವರದ್ದು ಹುಡುಕಲು ಬಂದರು. ಹನ್ನೊಂದಿದ್ದ ಅಭಿಪ್ರಾಯ ನಾನೂರು ದಾಟಿತು, ಒಂದು ಆಟ ನಾಲ್ಕಾಯಿತು. ನಿನ್ನ ಮೃಗ ಕೊನೆಗೂ ಒಬ್ಬರನ್ನು ತಿಂದಿತು. ನನ್ನನ್ನು.

ಹೋದ ವಾರದ ಸೋಮವಾರ ಹಲ್ಲಿನ ಡಾಕ್ಟರಮ್ಮ ಅಂಗಡಿಗೇ ಬಂದರು. ನೀಲಿ ಎಲೆ ಸೋಫಾ ಅವರದೇ. ಕೂಗಾಡಲಿಲ್ಲ, ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಮೆತ್ತಗೆ ಕೇಳಿದರು: "ಏನ್ರೀ, ಎಲೆಗೆ ಎಲೆ ಸೇರ್ಸಿ ಡಿಸೈನು ಕೂಡಿಸ್ಬೇಕು ಅಂತ ಎರಡು ಮೀಟರ್ ಜಾಸ್ತಿ ತರಿಸಿದ್ರಲ್ಲ, ಕೂಡ್ತಾ?" ಇಷ್ಟು ವರ್ಷ ಗಿರಾಕಿಗಳ ಬಾಯಿ ಮುಚ್ಚಿಸಿದ ನಾನು, ಟೇಪು ಎತ್ತಿಕೊಂಡು ನನ್ನದೇ ಮೇಜಿನ ಅಳತೆ ತೆಗೆದೆ.

ಹೌದು, ತೆಗೆದೆ. ನಿನ್ನ ಹತ್ತಿರ ಮುಚ್ಚಿಡುವುದೇನು? ಅಳತೆ ತೆಗೆಯುವಾಗ ಮೂಲೆಮೂಲೆಗೂ ಟೇಪು ಒಂದಿಷ್ಟು ಸಡಿಲ ಬಿಡುತ್ತಿದ್ದೆ. ಹೂವಿನ ಬಟ್ಟೆಯಾದರೆ ಡಿಸೈನು ಕೂಡಿಸುವ ಮಾತು. ಉಳಿದದ್ದು ಮೇಲಿನ ಅಟ್ಟಕ್ಕೆ. ಅಲ್ಲಿಂದ ದಿಂಬಿನ ಕವರಾಗಿ ಸಂತೆಗೆ. ಅಪ್ಪ ಹೋದ ಮೇಲೆ ನಿನ್ನ ಶಾಲೆ, ಆಮೇಲೆ ಆ ಸಿನಿಮಾ ಕೋರ್ಸು, ಎರಡೂ ನಡೆದದ್ದು ಆ ದಿಂಬುಗಳ ಮೇಲೆ. ಹಾಗಂತ ತೆಗೆದದ್ದು ಸರಿ ಅನ್ನುತ್ತಿಲ್ಲ. ತೆಗೆದವಳು ನಾನು, ಉಂಡವರು ಇಬ್ಬರು, ಅಷ್ಟೇ ಹೇಳುತ್ತಿದ್ದೇನೆ.

ಮೃಗಕ್ಕೆ ಬಟ್ಟೆ ಕೊಳ್ಳಲು ಕೈಯಲ್ಲಿ ಏನೂ ಇಲ್ಲ ಅಂತ ನೀನು ಬಂದಾಗ ಅಟ್ಟದ ಬಾಗಿಲು ತೆಗೆದೆ. ಒಂದೇ ಮಾತು ಹೇಳಿದ್ದೆ: ಪೂರ್ತಿ ಕಪ್ಪು ಬಣ್ಣ ಬಳಿದ ಮೇಲೇ ಕ್ಯಾಮೆರಾದ ಮುಂದೆ ನಿಲ್ಲಿಸು. ನಾಲ್ಕು ಡಬ್ಬಿ ಬಣ್ಣ ಕೈಗೇ ಕೊಟ್ಟೆ. "ಬಳಿದಾಯ್ತು ಅಕ್ಕ, ಕಾಗೆ ಥರ ಇದೆ" ಅಂದೆ. ಮೃಗ ಅಂಗಡಿಗೆ ವಾಪಸು ಬಂದಾಗ ಅದರ ಹೊಟ್ಟೆಯೊಳಗೆ ನಾಲ್ಕೂ ಡಬ್ಬಿ ಸೀಲು ಒಡೆಯದೆ ಕೂತಿದ್ದವು. ಕತ್ತಲಲ್ಲಿ ಕಪ್ಪು ಕಾಣಲ್ಲ ಅಂತ ಕ್ಯಾಮೆರಾದವನು ಹೇಳಿದನಂತೆ. ಅವನಿಗೆ ಕಾಣಲಿ ಅಂತ ನಾನು ಬೀದಿಗೆ ಬಂದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಜನ ಕೇಳಿದಾಗ ಅದೇ ಪುಟದಲ್ಲಿ ನೀನು ಕೊಟ್ಟ ಉತ್ತರ! "ಮೃಗವನ್ನು ಹೊರಗಿನ ಹೊಲಿಗೆಯವರೊಬ್ಬರಿಂದ ಮಾಡಿಸಲಾಗಿತ್ತು. ಬಟ್ಟೆಯ ಮೂಲ ನಮ್ಮ ತಂಡಕ್ಕೆ ತಿಳಿದಿಲ್ಲ. ವಿಷಾದಿಸುತ್ತೇವೆ." ಹೊರಗಿನವರು. ಆರು ವರ್ಷದವನಿದ್ದಾಗಿಂದ ಈ ಮೇಜಿನ ಕೆಳಗೇ ಮಲಗಿ ಬೆಳೆದವನಿಗೆ ನಾನು ಹೊರಗಿನವಳು. ಸಿನಿಮಾ ಮುಗಿದ ಮೇಲೆ ಬರುವ ಹೆಸರುಗಳನ್ನು ಕೊನೆಯವರೆಗೂ ನೋಡಿದ್ದೆ. ಟೀ ತಂದುಕೊಟ್ಟವನ ಹೆಸರಿದೆ, ಒಂದು ಬೆಕ್ಕಿಗೂ ಕೃತಜ್ಞತೆ ಇದೆ. ನನ್ನ ಹೆಸರಿಲ್ಲ. ಮರೆತಿರಬೇಕು ಅಂದುಕೊಂಡಿದ್ದೆ. ಈಗ ನೋಡಿದರೆ ನೀನು ಮೊದಲೇ ಕೈ ತೊಳೆದುಕೊಂಡಿದ್ದೆ.

ಇನ್ನೊಂದು ಇದೆ. ಇಲ್ಲಿಂದ ಮುಂದೆ ಅಕ್ಷರ ಸೊಟ್ಟಗಿದ್ದರೆ ಅದು ವಯಸ್ಸಿಗಲ್ಲ, ಸಿಟ್ಟಿಗೆ.

ಡಾಕ್ಟರಮ್ಮನನ್ನು ಕೇಳಿದೆ, "ಅಲ್ಲಮ್ಮ, ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ, ಊರಿಗೆಲ್ಲ ಯಾಕೆ ಬರೆದ್ರಿ?" ಅಂತ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಂಗೆಲ್ರೀ ಪುರುಸೊತ್ತು? ಹಲ್ಲು ಕೀಳಿಸ್ಕೊಳ್ಳೋಕೆ ಬಂದೋನು ತೋರಿಸ್ದ. ಬರ್ದಿದ್ದೂ ನಾನಲ್ಲ, ಫೋಟೊನೂ ನಂದಲ್ಲ. ನಮ್ಮನೆ ಗೋಡೆ ಇಷ್ಟು ಕೊಳಕಾಗಿಲ್ಲ." ಅವರು ಹೋದ ಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ಗೋಡೆ ನೋಡಲಿಲ್ಲ, ನನ್ನ ಕಣ್ಣು ಹೋಗುವುದೇ ಸೋಫಾದ ಬುಡಕ್ಕೆ. ಅದಕ್ಕೆ ಕಾಲುಗಳಿರಲಿಲ್ಲ.

ಕಾಲಿಲ್ಲದ ಸೋಫಾ ಈ ಭೂಮಿಯ ಮೇಲೆ ಇರುವುದು ನನ್ನ ಅಂಗಡಿಯೊಳಗೆ ಮಾತ್ರ. ಬಾಗಿಲು ದಾಟುವವರೆಗೆ ನಾನು ಕಾಲು ಹಾಕುವುದಿಲ್ಲ, ಗಿರಾಕಿಯ ಹಜಾರದಲ್ಲಿ ಮಗುಚಿ ಹಾಕಿಕೊಟ್ಟು ಬರುತ್ತೇನೆ. ಯಾಕೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮಾಡಿದ ಮೊಟ್ಟಮೊದಲ ಸೋಫಾಕ್ಕೆ ಇಲ್ಲೇ ಕಾಲು ಹಾಕಿ, ಚಂದ ನೋಡಿ, ಇಬ್ಬರೂ ಕುಣಿದು, ಆಮೇಲೆ ಕೂಲಿಯವರಿಂದ ಮೂರನೇ ಮಹಡಿಗೆ ಹೊರಿಸಿಕೊಂಡು ಹೋಗಿ ಬಾಗಿಲಲ್ಲಿ ಸಿಕ್ಕಿಸಿದ್ದೆವು. ಎರಡು ಗಂಟೆ ಒಳಗೂ ಹೋಗದು, ಹೊರಗೂ ಬಾರದು. ಮನೆಯ ಯಜಮಾನರು ಟೈ ಕಟ್ಟಿಕೊಂಡು, ಅದರ ಮೇಲೆ ಹತ್ತಿ ಇಳಿದು ಆಫೀಸಿಗೆ ಹೋದರು. ನಾನು ಅತ್ತೆ. ನೀನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ.

ಆ ನೀಲಿ ಎಲೆ ಸೋಫಾ ಕಾಲಿಲ್ಲದೆ ಅಂಗಡಿಯಲ್ಲಿ ಇದ್ದದ್ದು ಎರಡೇ ದಿನ. ಆಗ ಫೋನು ಹಿಡಿದುಕೊಂಡು "ಮೃಗಕ್ಕೆ ಬಟ್ಟೆ ಆರಿಸಬೇಕು" ಅಂತ ಓಡಾಡಿದವನು ಒಬ್ಬನೇ. ಆರಡಿಯ ಫೋನಿಗೆ ಕ್ಯಾಮೆರಾವೇ ಇಲ್ಲ. ನೊಂದ ಗಿರಾಕಿಯಂತೆ! ಯಾವ ಜನ್ಮದಲ್ಲಿ ನನಗೆ ಬಟ್ಟೆ ಕೊಟ್ಟಿದ್ದೆಯೋ ನೀನು? ಜನಕ್ಕೆ ಮಾತಾಡಲು ಏನಾದರೂ ಬೇಕಿತ್ತು, ಅಕ್ಕನನ್ನೇ ಕೊಟ್ಟೆ. ಕೇಳಿದ್ದರೆ ನಾನೇ ಒಪ್ಪುತ್ತಿದ್ದೆನೋ ಏನೋ, ಆ ನಂಬಿಕೆಯೂ ನಿನಗಿರಲಿಲ್ಲ.

ಚಿತ್ರಮಂದಿರದ ಮುಂಭಾಗದಲ್ಲಿ ಮೃಗವನ್ನು ನಿಲ್ಲಿಸಬೇಕಂತೆ, ಶನಿವಾರ ವ್ಯಾನು ಕಳಿಸುತ್ತೀಯಂತೆ. ಕಳಿಸಬೇಡ. ಮೃಗ ಇಲ್ಲ. ಮೂರು ದಿನ ಕೂತು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆ. ಒಗೆದು, ಇಸ್ತ್ರಿ ಹಾಕಿ, ಯಾರ ಬಟ್ಟೆ ಯಾರಿಗೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ ದಿಂಬು ಹೊಲಿದಿದ್ದೇನೆ. ಭಾನುವಾರ ಹತ್ತು ಗಂಟೆಗೆ ಒಂಬತ್ತು ಮನೆಯವರನ್ನೂ ಅಂಗಡಿಗೆ ಕರೆದಿದ್ದೇನೆ. ಅವರವರ ಕೈಗೆ ಕೊಟ್ಟು, ತೆಗೆದವಳು ನಾನೇ ಅಂತ ಹೇಳುತ್ತೇನೆ. ಆಮೇಲೆ ಅವರು ಬೈಯಲಿ, ಬಿಡಲಿ, ಮತ್ತೆ ಕೆಲಸ ಕೊಡಲಿ, ಕೊಡದಿರಲಿ.

ಫೋಟೊ ತೆಗೆದವನ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಅದು ಬರಬೇಕಾದದ್ದು ಅವನ ಬಾಯಲ್ಲೇ.

ಇಂತಿ,
ಹೊರಗಿನ ಹೊಲಿಗೆಯವಳು

ತಾ.ಕ.: ಆ ಪುಟದಲ್ಲಿ ನಾನೂ ನಿನ್ನೆ ಅಭಿಪ್ರಾಯ ಬರೆದಿದ್ದೇನೆ, ನನ್ನ ಸ್ವಂತ ಹೆಸರಿನಲ್ಲಿ, ಅಂಗಡಿಯ ವಿಳಾಸ ಸಮೇತ. ಮೃಗ ಹೊಲಿದವಳು ನಾನು, ಬಟ್ಟೆ ಗಿರಾಕಿಗಳದು, ಭಾನುವಾರ ವಾಪಸು ಅಂತ. ಬರೆದವರು ನಕ್ಷತ್ರವನ್ನೂ ಕೊಡಲೇಬೇಕಂತೆ. ಒಂದು ಕೊಡೋಣ ಅಂತಲೇ ಕೂತೆ. ಆದರೆ ಮೃಗ ಮೂರನೇ ಮಹಡಿಯ ಬಾಗಿಲಲ್ಲಿ ಸಿಕ್ಕಿಕೊಂಡು, ಬಾಡಿಗೆಯವರೆಲ್ಲ ಟೈ ಕಟ್ಟಿಕೊಂಡು ಅದರ ಮೇಲೆ ಹತ್ತಿ ಇಳಿದು ಆಫೀಸಿಗೆ ಹೋಗುತ್ತಾರಲ್ಲ, ಅಲ್ಲಿ ನಾನು ನಕ್ಕಿದ್ದೆ, ಪಕ್ಕದವರು ತಿರುಗಿ ನೋಡುವಷ್ಟು. ಸುಳ್ಳು ಹೇಳಿ ಸಾಕಾಗಿದೆ. ಮೂರು ಕೊಟ್ಟೆ.

ಮೃಗದ ತಲೆ ಬಿಚ್ಚಿಲ್ಲ. ಅದರ ಬಟ್ಟೆ ಯಾವ ಗಿರಾಕಿಯದೂ ಅಲ್ಲ, ನಮ್ಮ ಮನೆಯ ಹಳೇ ಪರದೆ. ಮೇಜಿನ ಮೇಲಿದೆ. ಬೇಕಾದರೆ ವ್ಯಾನು ಕಳಿಸದೆ ನೀನೇ ಬಾ, ಭಾನುವಾರ, ಹತ್ತಕ್ಕೆ, ಒಂಬತ್ತು ಮನೆಯವರೂ ನಿಂತಿರುವಾಗ.

ಭಾನುವಾರದ್ದೂ ಸೇರಿಸಿ ಯಾರ ಪಾಲಿಗೆ ಏನು ಅಂದರೆ: ಡಾಕ್ಟರಮ್ಮನಿಗೆ ನಾಲ್ಕು ದಿಂಬು. ಪಾರ್ಲರಿನಾಕೆಗೆ ಮೂರು. ಹೆಡ್‌ಮಾಸ್ಟರಿಗೆ ಒಂದು ದಿಂಬು, ಹೇಳಿಕೊಳ್ಳಲು ಒಂದು ಕಥೆ. ಆರಡಿಗೆ ಸೊಂಟದ ಪಟ್ಟಿ. ನಿನಗೆ ನಾಲ್ಕು ಆಟ. ನನಗೆ ಒಂದು ತಲೆ, ನಾಲ್ಕು ಡಬ್ಬಿ ಕಪ್ಪು ಬಣ್ಣ.