ಪಕ್ಕದ ಆಸನ

ಲಿಂಗಸುಗೂರು
೯ ಅಕ್ಟೋಬರ್ ೨೦೨೪

ಪ್ರೀತಿಯ ತಂಗಿ ಅತೀಯಾಳಿಗೆ,

ಸಲಾಂ. ನೀನೂ ಅಮ್ಮನೂ ಕ್ಷೇಮವಾಗಿರಲೆಂದು ದುವಾ ಮಾಡುತ್ತೇನೆ. ನಿನ್ನ ಫೋನುಗಳಿಗೆ ಸರಿಯಾಗಿ ಉತ್ತರಿಸದೆ ಇದ್ದುದಕ್ಕೆ ಮನ್ನಿಸು. ನೀನು ಮಾತನಾಡುವಾಗ ಅಮ್ಮ ಪಕ್ಕದಲ್ಲೇ ಇರುತ್ತಾರೆ. ಆದ್ದರಿಂದ ಸಿಂಧನೂರಿನ ನಿನ್ನ ಕಚೇರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಮ್ಮೂರು ವಳಕಮದಿನ್ನಿಗೆ ಇಲ್ಲಿಂದ ಅರ್ಧ ದಿನದ ದಾರಿಯೂ ಅಲ್ಲ. ಆದರೂ ಬರಲಿಲ್ಲ; ಏಕೆಂಬುದು ಓದಿದರೆ ತಿಳಿದೀತು.

ನಮ್ಮ ಸಂಗ್ರಹಾಲಯದ ಹಂಟರ್ ಕಳೆದ ಭಾನುವಾರ ಹಾರಿತು. ವಾಯುಪಡೆ ಕೈಬಿಟ್ಟ ಆ ಜೆಟ್ ಯುದ್ಧವಿಮಾನ ಇಲ್ಲಿಗೆ ಬಂದಾಗ ಅದರೊಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ವಾಯುಪಡೆಯ ನೌಕರಿ ಮುಗಿಸಿ ಬಂದ ನನಗೆ ಅದನ್ನು ಒಪ್ಪಿಸಿದರು. ಆರು ವರ್ಷ ಅದರ ಎಂಜಿನ್ ಬಿಚ್ಚಿದೆ, ಜೋಡಿಸಿದೆ. ಒಂದು ಬೋಲ್ಟಿನ ವಿಷಯದಲ್ಲಿಯೂ ಆಗದ್ದನ್ನು ಆಗಿದೆ ಎನ್ನಲಿಲ್ಲ. ನಮ್ಮ ಕೆಲಸದಲ್ಲಿ ಸುಳ್ಳಿಗೆ ಜಾಗವಿಲ್ಲ.

ವಿಮಾನ ನಿಲ್ಲಿಸುವ ನಮ್ಮ ಹ್ಯಾಂಗರಿನಲ್ಲಿ ಒಂದು ಪದ್ಧತಿಯಿದೆ. ದುರಸ್ತಿಯಾದ ವಿಮಾನ ಮೊದಲ ಸಲ ಹಾರುವಾಗ, ಅದರ ಕೊನೆಯ ಮುಚ್ಚಳ ಬಿಗಿದವನು ಪೈಲಟ್‌ನ ಜೊತೆ ಕೂರಬೇಕು. ತನ್ನ ಕೆಲಸಕ್ಕೆ ತನ್ನ ಜೀವವನ್ನೇ ಜಾಮೀನು ಇಡುವುದೆಂದು ಅದರ ಅರ್ಥ. ಈ ಸಲ ಬಿಗಿದವನು ನಾನು. ಈ ಹಂಟರ್‌ನಲ್ಲಿ ಎರಡು ಆಸನಗಳು, ಅಕ್ಕಪಕ್ಕ. ಸಂಗ್ರಹಾಲಯದ ಮುಖ್ಯಸ್ಥ ಮಾಳಿಂಗಪ್ಪನವರೇ ಪೈಲಟ್. ವಳಕಮದಿನ್ನಿಯ ಮೇಲೆ ಒಂದು ಸುತ್ತು ಹಾಕುವುದಾಗಿ ಅವರು ಮಾತು ಕೊಟ್ಟಿದ್ದರು. ಆ ಧೈರ್ಯದಿಂದಲೇ ನಾನು ಅಮ್ಮನಿಗೆ, ಮಾಳಿಗೆಯ ಮೇಲೆ ನಿಂತು ಕೆಂಪು ಚಾದರ ಬೀಸಿರಿ, ಹಸಿರು ಗದ್ದೆಗಳ ನಡುವೆ ಮೇಲಿಂದ ಕಾಣುವುದು ಅದೊಂದೇ ಎಂದು ಹೇಳಿದ್ದೆ.

ಭಾನುವಾರ ಬೆಳಿಗ್ಗೆ ಸಿಂಧನೂರಿನ ಅಕ್ಕಿ ಗಿರಣಿಯ ಕರಿಬಸಯ್ಯನವರು ಕೊರಳಲ್ಲಿ ಹಾರದೊಂದಿಗೆ ಬಂದರು. ಇಂಧನದ ಖರ್ಚು ಅವರದು. ಮಾಳಿಂಗಪ್ಪನವರು ನನ್ನನ್ನು ರೆಕ್ಕೆಯ ಕೆಳಗೆ ಕರೆದು, “ನಾಸೀರ್, ನೀವು ಕೆಳಗ ಇದ್ರ ನನಗ ಧೈರ್ಯ ನೋಡ್ರಿ. ಪಕ್ಕದಾಗ ಅವರು ಕುಂದರ್ಲಿ” ಎಂದರು. ಹೊಗಳಿಯೂ ಮನುಷ್ಯನನ್ನು ಕೆಳಗಿಳಿಸಬಹುದೆಂದು ಅಂದು ತಿಳಿಯಿತು.

ಆಸನಕ್ಕೆ ತೂಕದ ಮಿತಿಯುಂಟು. ಅದನ್ನು ನೋಡಬೇಕಾದವನು ನಾನು. ಕರಿಬಸಯ್ಯನವರನ್ನು ತೂಗಿದೆ. ಮಿತಿಯೊಳಗಿದ್ದರು. ಹೆಚ್ಚಾಯಿತು ಎಂದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಇದ್ದುದನ್ನೇ ಹೇಳಿದೆ. ನಾನು ಪಟ್ಟಿ ಬಿಗಿಯುವಾಗ ಅವರು ನಕ್ಕು, “ಗಟ್ಟಿ ಬಿಗೀರಿ ಸಾಬ್ರ, ನಾ ಉದುರಿದ್ರ ಅಕ್ಕಿ ಮಾರೋರು ಯಾರು” ಎಂದರು. ಅಪಾಯದಲ್ಲಿ ಹೊರಕ್ಕೆ ಚಿಮ್ಮುವ ಆ ಆಸನ ನೆಲದ ಮೇಲೆ ಚಿಮ್ಮದಂತೆ ತಡೆಯುವ ಸುರಕ್ಷಾ ಪಿನ್ನುಗಳನ್ನು ಕಿತ್ತು, ರೂಢಿಯಂತೆ ಪೈಲಟ್‌ಗೆ ಎತ್ತಿ ತೋರಿಸಿ ಇಳಿದೆ.

ವಿಮಾನ ಮಸ್ಕಿಯ ಬೆಟ್ಟದ ಕಡೆ ಮರೆಯಾಯಿತು. ಎಂಜಿನ್ನಿನ ಸದ್ದಿನಲ್ಲಿ ಒಂದು ದೋಷವೂ ಇರಲಿಲ್ಲ. ಸುತ್ತು ಹಾಕಿದ್ದು ಗಿರಣಿಯ ಮೇಲೆ ಎಂದು ಆಮೇಲೆ ತಿಳಿಯಿತು. ವಳಕಮದಿನ್ನಿಯ ಕಡೆ ಹೋಗಲೇ ಇಲ್ಲ. ಇಳಿದ ಮೇಲೆ ಎಲ್ಲರೂ ಫೋಟೊ ತೆಗೆಸಿಕೊಂಡರು. ಪಿನ್ನುಗಳು ನನ್ನ ಮುಷ್ಟಿಯಲ್ಲಿದ್ದವು. ಅವನ್ನು ಮತ್ತೆ ಸಿಕ್ಕಿಸಬೇಕಾದವನೂ ನಾನೇ.

ದೂರದ ಸದ್ದು ಕೇಳಿ, ಅದು ಅಡಗುವವರೆಗೂ ಅಮ್ಮ ಚಾದರ ಬೀಸಿದರೆಂದು ನೀನು ಹೇಳಿದೆ. ನಾನು ಆ ವಿಮಾನದಲ್ಲಿ ಇರಲಿಲ್ಲವೆಂಬುದು ನಿನಗೆ ತಿಳಿದಿರಲಿ. ಅವರ ಮುಂದೆ ಈ ಮಾತು ತೆಗೆಯಬೇಡ.

ಅಲ್ಲಾಹ್ ನಿನ್ನ ದುಡಿಮೆಗೆ ಬರಕತ್ ಕೊಡಲಿ, ಅಮ್ಮನ ಮೊಣಕಾಲಿನ ನೋವನ್ನು ಇಳಿಸಲಿ.

ನಿನ್ನ ಭಾಯಿ,
ನಾಸೀರ್

ತಾ.ಕ.: ನಿನ್ನೆ ನೀನು ಒಳಗೆ ಹೋದಾಗ ಅಮ್ಮ ಫೋನ್ ತೆಗೆದುಕೊಂಡು, “ಮ್ಯಾಲಿಂದ ನಾ ಕಂಡ್ನೇನು ಬೇಟಾ?” ಎಂದು ಕೇಳಿದರು. “ಕಂಡ್ರಿ ಅಮ್ಮಾ. ಕೆಂಪು ಚಾದರ ಚೊಲೋ ಕಾಣ್ತು” ಎಂದೆ. ಅಮ್ಮ, “ಕೆಂಪಂದು ಹರದಿತ್ತಪಾ. ನಾ ಬೀಸಿದ್ದು ಹಸಿರಂದು” ಎಂದರು. ಅದರ ಬೆನ್ನಿಗೇ, “ಇರ್ಲಿ ಬಿಡು. ಉಂಡಿಯೇನು?” ಎಂದು ಕೇಳಿದರು.