ಅಪ್ಪನ ಕಾಲಿನ ಅಚ್ಚು

ನವೆಂಬರ್ ೧೪, ಭಾನುವಾರ

ಪ್ರೀತಿಯ ಗಿಣಿ,

ಹೇಗಿದ್ದೀಯ? ನಿನ್ನ ಪತ್ರಗಳೆಲ್ಲ ಬಂದಿವೆ. ಕೊನೆಯದರಲ್ಲಿ ‘ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರಿ’ ಎಂದು ಬೈದಿದ್ದೀಯ. ಬೈಸಿಕೊಳ್ಳಬೇಕಾದದ್ದೇ. ಪರದೇಶದಿಂದ ಬಂದು ಎರಡು ತಿಂಗಳ ಮೇಲಾಯಿತು. ಬರೆಯಲು ಕೂತಾಗೆಲ್ಲ ಮೊದಲ ಸಾಲಿಗೇ ಕೈ ನಿಂತುಬಿಡುತ್ತಿತ್ತು. ಇವತ್ತು ಊಟವಾದ ಮೇಲೆ ಅಪ್ಪ ಅಮ್ಮ ಇಬ್ಬರೂ ಅಡ್ಡಾಗಿದ್ದಾರೆ. ಹೇಗಾದರೂ ಮುಗಿಸುತ್ತೇನೆ. ನಿನ್ನ ಅವಳಿಗಳಿಗೆ ಹಲ್ಲು ಬಂತೇ? ಕಚ್ಚುತ್ತವೆ ಎಂದು ದೂರಬೇಡ, ನಿನ್ನ ಮಕ್ಕಳಲ್ಲವೇ.

ಮೊದಲು ಅಲ್ಲಿಯ ಸಮಾಚಾರ. ನೀನು ಕೃತಕ ಕಾಲು ಮಾಡುವ ಈ ಕೆಲಸ ಬಿಟ್ಟು ವರ್ಷಗಳಾದರೂ ಪ್ಲಾಸ್ಟರಿನ ವಾಸನೆ ಮರೆತಿರಲಾರೆ. ಪೀಠೋಪಕರಣಗಳ ಹಳೆಯ ಗೋದಾಮೊಂದನ್ನು ನಮಗೆ ಕಾರ್ಯಾಗಾರವಾಗಿ ಕೊಟ್ಟಿದ್ದರು. ಯುದ್ಧ ನಿಂತಿತ್ತು, ಹೊಲಗಳಲ್ಲಿ ಹೂತ ಸಿಡಿಮದ್ದು ಮಾತ್ರ ಹಾಗೇ ಇತ್ತು. ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಜನ ಬೆಂಚುಗಳ ಮೇಲೆ ಕೂತಿರುತ್ತಿದ್ದರು. ಊರುಗೋಲುಗಳು ಮಳೆಗಾಲದ ಛತ್ರಿಗಳ ಹಾಗೆ ಗೋಡೆಗೆ ಒರಗಿರುತ್ತಿದ್ದವು. ಯಾರೂ ಅಳುತ್ತಿರಲಿಲ್ಲ ಕಣೆ. ಅಳುವಿಗೆ ನಾನು ಮನಸ್ಸು ಗಟ್ಟಿಮಾಡಿಕೊಂಡು ಹೋಗಿದ್ದೆ, ಆ ಮೌನಕ್ಕೆ ಅಲ್ಲ.

ಒಬ್ಬ ಕ್ಷೌರಿಕನಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ದುಭಾಷಿಯ ಬಾಯಲ್ಲಿ ಹೇಳಿಸಿದ: “ನನ್ನದು ನಿಂತು ಮಾಡೋ ಕೆಲಸ. ಕೂತು ಮಾಡಿದ್ರೆ ಜನರ ಕಿವಿ ಉಳಿಯಲ್ಲ.” ಅವನಿಗೆ ಮಾಡಿಕೊಟ್ಟ ಮೊದಲ ಕಾಲು ಕೆಲವೇ ವಾರಗಳಲ್ಲಿ ಸಡಿಲವಾಯಿತು. ಗಾಯ ಮಾಗಿದಂತೆ ಕತ್ತರಿಸಿ ಉಳಿದ ಭಾಗ ಸೊರಗುತ್ತದೆ, ನಿನಗೆ ಗೊತ್ತಲ್ಲ. ಹಾಗೆ ಮತ್ತೆ ಹೊಸ ಕಾಲು ಬೇಕಾದವರು ತುಂಬ ಜನರಿದ್ದರು. ನನ್ನ ಅವಧಿ ಮುಗಿಯುತ್ತಾ ಬಂದಾಗ ಇನ್ನೆರಡು ತಿಂಗಳು ಇರುತ್ತೀರಾ ಎಂದು ಕೇಳಿದರು. ಮನೆಗೆ ಫೋನ್ ಮಾಡಿದೆ. ಅಪ್ಪ ತೆಗೆದುಕೊಂಡರು. “ಇರು ಮಗಳೇ, ಅರ್ಧಕ್ಕೆ ಬಿಟ್ಟು ಬರಬೇಡ” ಎಂದರು. ಇದ್ದುಬಿಟ್ಟೆ.

ಹೊರಡುವ ದಿನ ದುಭಾಷಿಯ ಜೊತೆ ಕ್ಷೌರಿಕನ ಅಂಗಡಿಗೆ ಹೋದೆ. ಒಡೆದ ಗಾಜನ್ನೆಲ್ಲ ಗುಡಿಸಿ, ಕುರ್ಚಿಗಳನ್ನು ಒರೆಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಸ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ. ಕುರ್ಚಿಗಳೆಲ್ಲ ಖಾಲಿ. “ಈ ಬೀದಿಯ ಗಂಡಸರೆಲ್ಲ ಎಲ್ಲಿ?” ಎಂದು ಕೇಳಿದೆ. ದುಭಾಷಿ ಅದನ್ನು ಅವನಿಗೆ ದಾಟಿಸಲಿಲ್ಲ. ಬೆಳಿಗ್ಗೆಯಷ್ಟೇ ಗಡ್ಡ ಹೆರೆದುಕೊಂಡಿದ್ದ ಆ ದುಭಾಷಿ ತಾನೇ ಹೋಗಿ ಕುರ್ಚಿಯಲ್ಲಿ ಕೂತು ಕತ್ತು ಮೇಲೆತ್ತಿದ. ಕ್ಷೌರಿಕ ಆ ನುಣುಪು ಕೆನ್ನೆಗೆ ನಿಧಾನವಾಗಿ ನೊರೆ ಹಚ್ಚತೊಡಗಿದ.

ಇನ್ನು ಮನೆಯ ಸಂಗತಿ. ಅಮ್ಮ ಬಾಗಿಲು ತೆಗೆದಳು. ನಾನು ಎಲ್ಲಿಂದ ಬಂದರೂ ಎದ್ದು ಬಂದು ಕೈಯಿಂದ ಚೀಲ ಇಸಿದುಕೊಳ್ಳುವ ಅಪ್ಪ ಕುರ್ಚಿಯಲ್ಲೇ ಕೂತು “ಬಂದ್ಯಾ?” ಎಂದರು. ಆ ಸೆಕೆಯಲ್ಲೂ ತೊಡೆಯ ಮೇಲೆ ಹೊದಿಕೆ. ನನ್ನ ಹಾಳು ಕಣ್ಣು ನೇರ ಅಲ್ಲಿಗೇ ಹೋಯಿತು. ಬಲಗಡೆ, ಮೊಣಕಾಲಿನ ಕೆಳಗೆ, ಬಟ್ಟೆ ಸಪಾಟಾಗಿ ಇಳಿಬಿದ್ದಿತ್ತು.

ಸಕ್ಕರೆ ಕಾಯಿಲೆಯ ಹುಣ್ಣು ಮೇಲಕ್ಕೇರಿತ್ತಂತೆ. ನಾನು ಬರುವುದಕ್ಕೆ ತಿಂಗಳ ಮುಂಚೆ ಕಾಲು ತೆಗೆದಿದ್ದರು.

“ಹೇಳಿದ್ರೆ ನೀನು ಎಲ್ಲ ಬಿಟ್ಟು ಓಡಿ ಬರ್ತಿದ್ದೆ” ಎಂದಳು ಅಮ್ಮ.

“ಬರಬೇಕಿತ್ತಲ್ಲಮ್ಮ.”

“ಅವರೇ ಬೇಡ ಅಂದ್ರು.”

ಕೆಲಸದಲ್ಲಿದ್ದಷ್ಟು ಕಾಲವೂ ಅಪ್ಪ ಬಸ್ಸು ಓಡಿಸಿದವರು. ಬ್ರೇಕು ಒತ್ತುತ್ತಿದ್ದುದು ಅದೇ ಕಾಲು.

ಮರುದಿನ ಅಳತೆಯ ಟೇಪು ಹಿಡಿದು ಎದುರು ಕೂತೆ. ಅಪ್ಪ ಹೊದಿಕೆಯನ್ನು ಬಿಗಿಯಾಗಿ ಎಳೆದುಕೊಂಡರು.

“ಮುಟ್ಟಬೇಡ.”

“ಅಪ್ಪ, ಇದು ನನ್ನ ಕೆಲಸ.”

“ಗೊತ್ತು. ಬೇರೆ ಯಾರನ್ನಾದ್ರೂ ಕಳಿಸು.”

“ಕಂಡೋರದ್ದೆಲ್ಲ ನೋಡಿದ್ದೀನಿ. ನಿಮ್ಮದು ನೋಡಬಾರದಾ?”

“ನೋಡೋಕೆ ಇನ್ನೇನಿದೆ ಅದರಲ್ಲಿ?”

ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಟೇಪನ್ನು ಗೋಡೆಗೆ ಬೀಸಿ ಎಸೆದೆ. ಅವರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಕೊನೆಗೆ ಇಲ್ಲಿಯ ನಮ್ಮ ಕಾರ್ಯಾಗಾರದ ಹಿರಿಯರೇ ಮನೆಗೆ ಬಂದರು. ಕೋಣೆಯ ಬಾಗಿಲು ಹಾಕಿಕೊಂಡು ಪ್ಲಾಸ್ಟರ್ ಸುತ್ತಿ, ಗಟ್ಟಿಯಾದ ಮೇಲೆ ಆ ಚಿಪ್ಪನ್ನು ಕಳಚಿಕೊಂಡು ಹೋದರು. ಅದರೊಳಗೆ ಗಾರೆ ಸುರಿದು, ಆರಿದ ಮೇಲೆ ಹೊರಗಿನದನ್ನು ಒಡೆದು ಅಚ್ಚನ್ನು ನನ್ನ ಮೇಜಿನ ಮೇಲಿಟ್ಟು, “ನಾನೊಂದು ಟೀ ಕುಡಿದು ಬರ್ತೀನಿ” ಎಂದು ಹೊರಟುಹೋದರು.

ಬಿಳೀ ಗಾರೆಯಲ್ಲಿ ಅಪ್ಪನ ಕಾಲು. ಹೊಲಿಗೆಯ ಗೆರೆ ಹಾಗೇ ಮೂಡಿತ್ತು. ಮೊಣಕಾಲ ಚಿಪ್ಪಿನ ಕೆಳಗಿನ ತಗ್ಗೂ ಇತ್ತು. ಮುಟ್ಟಬೇಡ ಎಂದಿದ್ದರಲ್ಲ, ಆದರೂ ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡೆ. ತಣ್ಣಗಿತ್ತು, ಭಾರವಾಗಿತ್ತು. ಆಮೇಲೆ ಅರ ತೆಗೆದುಕೊಂಡು ತೀಡತೊಡಗಿದೆ. ಎಲ್ಲಿ ಭಾರ ಬೀಳಬೇಕೋ ಅಲ್ಲಿ ತೀಡಲೇಬೇಕಲ್ಲ. ಆ ಅಚ್ಚಿನ ಮೇಲೆ ಮಾಡಿದ ಕೃತಕ ಕಾಲು ಮೇಲಿನಿಂದ ಪಾದದವರೆಗೆ ನನ್ನ ಕೈಯದೇ.

ಹಾಕಿ ನೋಡುವ ದಿನ ನಾನು ಪ್ಲೈವುಡ್ ಮರೆಯ ಹಿಂದೆ ನಿಂತಿದ್ದೆ.

“ಎಲ್ಲಾದ್ರೂ ಒತ್ತುತ್ತಾ ಯಜಮಾನ್ರೇ?” ಹಿರಿಯರು ಕೇಳಿದರು.

“ಇಲ್ಲ. ಒಳ್ಳೇ ಕೈ ನಿಮ್ಮದು.”

ಹಿರಿಯರು ಕಾಲಿನ ಪಟ್ಟಿ ಬಿಗಿಯುವ ಸದ್ದು ಕೇಳಿಸಿತು.

ಈಗ ಅಪ್ಪ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಾರೆ. ನಾನು ಜೊತೆಗೆ ಹೊರಟರೆ ‘ಯಾಕೋ ಸುಸ್ತು’ ಎಂದು ಕೂತುಬಿಡುತ್ತಾರೆ. ಮನೆಯಲ್ಲಿ ಕರೆಂಟು, ನೀರು, ತರಕಾರಿ ಎಲ್ಲದರ ಮಾತೂ ಆಗುತ್ತದೆ, ಅದೊಂದನ್ನು ಬಿಟ್ಟು. ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ರಸ್ತೆಯಲ್ಲಿ ಬೆನ್ನ ಹಿಂದೆ ಯಾರದಾದರೂ ಹೆಜ್ಜೆ ಒಂದು ಗಟ್ಟಿ ಒಂದು ಮೆಲ್ಲಗೆ ಕೇಳಿದರೆ ತಿರುಗಿ ನೋಡುತ್ತೇನೆ. ಆ ಪರದೇಶದಿಂದ ಮತ್ತೆ ಕರೆ ಬಂದಿತ್ತು. ಆಗುವುದಿಲ್ಲ ಎಂದೆ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಅವಳಿಗಳ ಪಾದಗಳಿಗೆ ನನ್ನ ಮುತ್ತು. ಓಡಲಿ, ಬೀಳಲಿ, ಎದ್ದು ಮತ್ತೆ ಓಡಲಿ.

ನಿನ್ನ
ಮುಂಗೋಪಿ

ತಾ.ಕ.: ಮುಚ್ಚಿಡೋಣ ಅಂದುಕೊಂಡಿದ್ದೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಮೊನ್ನೆ ಒಗೆದ ಬಟ್ಟೆ ಮಡಿಸುತ್ತಾ ಅಮ್ಮ ಬಾಯಿಬಿಟ್ಟಳು. ಶುರುವಿನಲ್ಲಿ ಕಿರುಬೆರಳು ಮಾತ್ರ ಕಪ್ಪಾಗಿತ್ತಂತೆ. ‘ಬೆರಳೊಂದು ತೆಗೆದರೆ ಸಾಕು, ತಡಮಾಡಬೇಡಿ’ ಎಂದು ಡಾಕ್ಟರು ಹೇಳಿದ್ದರಂತೆ. ಅಪ್ಪ ಕಾಲುಚೀಲ ಹಾಕಿಕೊಂಡು ಎದ್ದು ನಿಂತು, “ನನ್ನ ಮಗಳು ಇದರಲ್ಲೇ ಪಳಗಿದವಳು. ಮುಂದಿನ ವಾರ ಬರ್ತಾಳೆ. ಅವಳು ನೋಡಿ ತೆಗೀರಿ ಅಂದ್ರೆ ತೆಗೀರಿ” ಎಂದು ಹೇಳಿ ಬಂದರಂತೆ. ನಾನು ಫೋನ್ ಮಾಡಿದ್ದು ಅವತ್ತೇ ಸಂಜೆ. ಫೋನಿಟ್ಟ ಮೇಲೆ ಅಮ್ಮನಿಗೆ, “ಎರಡು ತಿಂಗಳು ತಾನೇ, ಇರುತ್ತೆ ಬಿಡು” ಎಂದರಂತೆ. ಆಮೇಲೆ ಅವಳ ಮುಂದೆಯೂ ಕಾಲುಚೀಲ ತೆಗೆಯಲಿಲ್ಲ, ವಾಸನೆ ಬರುವವರೆಗೂ.

ಇದು ನನಗೆ ತಿಳಿದಿದೆ ಎಂದು ಅಪ್ಪನಿಗೆ ಗೊತ್ತಿಲ್ಲ. ಈಗ ಎದ್ದರು ಅಂತ ಕಾಣುತ್ತದೆ. ಒಳಗೆ ಕಾಲಿನ ಪಟ್ಟಿ ಬಿಗಿದುಕೊಳ್ಳುವ ಸದ್ದು ಕೇಳುತ್ತಿದೆ. ಬಾಗಿಲು ಹಾಕಿಕೊಂಡಿದ್ದಾರೆ.